ಕಮಾಂಡಿಗೆ ಯಾವಾಗ ಹೂಂ ಅನ್ನಬೇಕು, ತಮ್ಮಾ

ಕ್ಯಾಪ್ಟನ್ ಆಗುವ ಕಮಾಂಡ್ ಟ್ರೈನಿಂಗಿಗೆ ನಿನ್ನ ಹೆಸರು ಬಂದಿದೆ ಎಂದು ನಿಮ್ಮಮ್ಮ ಫೋನ್ ಮಾಡಿದಾಗ ಖುಷಿಯಾಯಿತು. ಈಗಲೇ ಹೂಂ ಅನ್ನಲೋ, ಸ್ವಲ್ಪ ತಡೆಯಲೋ ಅಂತ ನೀನು ಕೇಳಿದ್ದು ಇನ್ನೂ ಹಿಡಿಸಿತು.

ಗಂಟೆಗಳ ಲೆಕ್ಕ ಪಕ್ಕಕ್ಕಿಡು. ಎಟಿಪಿಎಲ್‌ಗೆ ಡಿಜಿಸಿಎ ಕೇಳುವ 1500 ಗಂಟೆ ನಿನಗೆ ಎಂದೋ ಆಗಿದೆ. ಆ ಗಂಟೆಗಳಲ್ಲಿ ನೀನೇ ಯೋಚಿಸಿದ್ದೆಷ್ಟು, ಪಕ್ಕದವರು ಹೇಳಲಿ ಎಂದು ಕಾದದ್ದೆಷ್ಟು ಎಂಬುದು ಲಾಗ್‌ಬುಕ್ಕಿನಲ್ಲಿ ಇರುವುದಿಲ್ಲ.

ಒಂದು ಏಪ್ರಿಲ್ ಸಂಜೆ ಎಂದಿಟ್ಟುಕೋ, ಬೆಂಗಳೂರಿನ ಮೇಲೆ ಗುಡುಗುಮಳೆ. ಹೋಲ್ಡಿಂಗ್‌ನಲ್ಲಿ ಸುತ್ತುತ್ತಿದ್ದೀರಿ. ಎಟಿಸಿ ಇನ್ನೂ ಇಪ್ಪತ್ತು ನಿಮಿಷ ಎನ್ನುತ್ತದೆ. ಚೆನ್ನೈಗೆ ಹೋಗಿ ಇಳಿದರೂ ಮೂವತ್ತು ನಿಮಿಷದ ಇಂಧನ ಉಳಿದಿರಬೇಕು. ಅದರ ಮೇಲೆ ನಿಮ್ಮಲ್ಲಿ ಮಿಕ್ಕಿರುವುದು ಹತ್ತೇ ನಿಮಿಷದ್ದು. ಡ್ಯೂಟಿ ಟೈಮ್ ಬೇರೆ ಮುಗಿಯುತ್ತಾ ಬಂದಿದೆ. ಅಷ್ಟರಲ್ಲಿ ಮುಂದಿದ್ದ ವಿಮಾನ ಇಳಿಯಿತು ಎಂದು ರೇಡಿಯೋದಲ್ಲಿ ಕೇಳಿಸಿ, ನಾವೂ ಇಳಿಯಬಹುದೇನೋ ಎಂಬ ಆಸೆ ಹುಟ್ಟುತ್ತದೆ. ಆ ಗಳಿಗೆಯಲ್ಲಿ ಕ್ಯಾಪ್ಟನ್ ಬಾಯಿ ಬಿಡುವ ಮೊದಲೇ ನಿನ್ನ ತೀರ್ಮಾನ ಆಗಿರಬೇಕು. ಅವರದರ ಜೊತೆ ತಾಳೆ ನೋಡು. ಬೇರೆಯಾಗಿದ್ದರೆ ಹೋಟೆಲಿಗೆ ಹೋಗುವಾಗ ವ್ಯಾನಿನಲ್ಲಿ ಯಾಕೆಂದು ಕೇಳು. ಒಳ್ಳೆಯ ಕ್ಯಾಪ್ಟನ್ ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

2010ರ ಮೇ 22ರ ಮಂಗಳೂರು ದುರಂತದ ತನಿಖಾ ವರದಿಯನ್ನು ಇನ್ನೊಮ್ಮೆ ಓದು. ಫಸ್ಟ್ ಆಫೀಸರ್ ಮೂರು ಸಲ ಗೋ-ಅರೌಂಡ್ ಎಂದರೂ ಇಳಿಸುವ ಯತ್ನ ನಿಲ್ಲಲಿಲ್ಲ. 158 ಜೀವ ಹೋಯಿತು. ಇಷ್ಟು ದಿನ ಅದನ್ನು ಬಲಗಡೆ ಕೂತವನಾಗಿ ಓದಿದ್ದೀಯ, ಈಗ ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿ ಕೂತು ಓದು. ನೆನ್ನೆ ಮೊನ್ನೆ ಸೇರಿದ ಹುಡುಗಿಯೊಬ್ಬಳು ಹೆದರುತ್ತಲೇ "ಗೋ-ಅರೌಂಡ್, ಸರ್" ಅಂದರೆ, ವಾದ ಮಾಡದೆ ನಿನ್ನ ಕೈ ಥ್ರಸ್ಟ್ ಲಿವರನ್ನು ಮುಂದಕ್ಕೆ ತಳ್ಳುತ್ತದೆಯೇ? ನನ್ನ ಮಟ್ಟಿಗೆ ಕಮಾಂಡಿಗೆ ಇದಕ್ಕಿಂತ ದೊಡ್ಡ ಅರ್ಹತೆ ಇಲ್ಲ.

ಸಂಬಳ ಏರುತ್ತದೆ, ಸರಿ. ಆದರೆ ಮನೆ ಸಾಲದ ಕಂತು ನೋಡಿ ಹೂಂ ಅನ್ನಬೇಡ. ಈಗ ಫಸ್ಟ್ ಆಫೀಸರುಗಳಲ್ಲಿ ನೀನು ಹಿರಿಯ. ನಾಳೆ ಕ್ಯಾಪ್ಟನ್‌ಗಳ ಪಟ್ಟಿಯಲ್ಲಿ ತಳದವನು. ದೀಪಾವಳಿಗೆ ಸ್ಟ್ಯಾಂಡ್‌ಬೈ ಬಂದೀತು, ಬೇಸ್ ಬೇರೆ ಊರಿಗೆ ಹೋದೀತು. ಕೈಗೂಸು ಇರುವ ಮನೆ ನಿನ್ನದು. ಸಿಮ್ಯುಲೇಟರ್ ಸೆಷನ್ನಿಗೆ ನಿದ್ದೆಗೆಟ್ಟು ಹೋದವನ ಗತಿ ಏನಾಗುತ್ತದೆಂದು ಇನ್‌ಸ್ಟ್ರಕ್ಟರ್ ಆಗಿ ಬೇಕಾದಷ್ಟು ನೋಡಿದ್ದೇನೆ. ಹೆಂಡತಿಯ ಜೊತೆ ರೋಸ್ಟರ್ ಮುಂದಿಟ್ಟುಕೊಂಡೇ ಮಾತಾಡು.

ಹಾಗೆಂದು ಪೂರ್ತಿ ಧೈರ್ಯ ಬರಲಿ ಎಂದು ವರ್ಷಗಟ್ಟಲೆ ಕಾಯಬೇಡ. ಆ ಧೈರ್ಯದ ಅರ್ಧ ಭಾಗ ಎಡಗಡೆ ಕೂತ ಮೇಲೆಯೇ ಬರುವುದು.

ನನ್ನನ್ನು ಕೇಳಿದರೆ, ಈ ಮುಂಗಾರನ್ನು ಬಲಗಡೆಯಲ್ಲೇ ಕಳೆ, ನಾನು ಹೇಳಿದಂತೆ ತಾಳೆ ನೋಡುತ್ತಾ. ಅದರ ನಂತರದ ಬ್ಯಾಚ್ ಬೇಕೆಂದು ಟ್ರೈನಿಂಗ್ ವಿಭಾಗಕ್ಕೆ ಇದೇ ವಾರ ಬರೆದುಕೊಡು. ಬಾಯಿಮಾತಿಗೆ ಬಿಡಬೇಡ, ಮೇಲ್ ಮಾಡಿ ಉತ್ತರ ಇಟ್ಟುಕೋ.