ದುಡ್ಡು ಕಡಿಮೆ ಮಾಡಿ, ಕೆಲಸ ಕಡಿಮೆ ಮಾಡಬೇಡಿ

ಐಟಿಐನಲ್ಲಿ ಎರಡು ವರ್ಷ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಕಲಿತು ಈಗ ಹೊರಬರುತ್ತಿರುವ ಮಕ್ಕಳೇ, ಗ್ಯಾರೇಜಿನಲ್ಲೇ ತಲೆ ನರೆತ ಹಿರಿಯನೊಬ್ಬನ ಮಾತು ಇದು. ಶೋರೂಮಿಗೆ ಸೇರಬೇಕೋ ಸ್ವಂತ ಗ್ಯಾರೇಜ್ ಹಾಕಬೇಕೋ, ಸಂಬಳ ಎಲ್ಲಿ ಹೆಚ್ಚು, ಇವನ್ನೆಲ್ಲ ಹೇಳುವವರು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ನಿಮ್ಮ ಕೈಗೆ ಬಂದಿರುವ ವಿದ್ಯೆಯಲ್ಲಿ ಒಂದು ಪಾಲು, ಗಾಡಿ ನಿಂತರೆ ಒಲೆಯೂ ನಿಲ್ಲುವಂಥ ಮನೆಗಳಿಗೆ ಸೇರಬೇಕು.

ಅಂಥ ಮನೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಜನ ಕೂಲಿ ಬಿಟ್ಟು ಸ್ವಂತ ಗಾಡಿ ಮಾಡಿಕೊಂಡರು. 702 ಸಿಸಿಯ, ಎರಡು ಸಿಲಿಂಡರಿನ ಆ ಪುಟ್ಟ ಡೀಸೆಲ್ ಎಂಜಿನ್ನಿನ ಮೇಲೆ ಇಡೀ ಸಂಸಾರ ನಿಂತಿರುತ್ತದೆ. ಬ್ಯಾಂಕಿನ ಕಂತು, ಮಕ್ಕಳ ಫೀಸು, ಅಜ್ಜಿಯ ಬಿಪಿ ಮಾತ್ರೆ, ಎಲ್ಲ ಅದರ ದುಡಿಮೆಯಿಂದಲೇ. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ಉಳಿದರೆ ಆ ವಾರದ ಬಾಡಿಗೆ ಹೋಯಿತು. ಕಂತು ಮಾತ್ರ ನಿಲ್ಲುವುದಿಲ್ಲ. ರಿಪೇರಿಗೆ ಕೈಸಾಲ, ಆ ಸಾಲಕ್ಕೆ ಮೀಟರ್ ಬಡ್ಡಿ. ಶಂಕರ್‌ನಾಗ್ ಚಿತ್ರ ಅಂಟಿಸಿಕೊಂಡು ಓಡುವ ಆಟೋಗಳ ಹಿಂದೆಯೂ ಇದೇ ಲೆಕ್ಕಾಚಾರ ಇರುತ್ತದೆ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅದು ದೊಡ್ಡ ಅನುಕೂಲವೇ. ಆದರೆ ನಸುಕಿನ ಮೂರು ಗಂಟೆಗೆ ಎಪಿಎಂಸಿಗೆ ಟೊಮೆಟೊ ಕ್ರೇಟ್ ಸಾಗಿಸುವವಳಿಗೆ ಆ ಬಸ್ಸು ಒದಗುವುದಿಲ್ಲ. ವಾರಕ್ಕೆ ಎರಡೋ ಮೂರೋ ಸಲ ಗಂಡನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವಳಿಗೂ ಒದಗುವುದಿಲ್ಲ. ನಾಲ್ಕು ಗಂಟೆ ಮಶೀನಿನ ಪಕ್ಕ ಮಲಗಿ ಎದ್ದವನಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ತ್ರಾಣ ಎಲ್ಲಿರುತ್ತದೆ? ಅಂಥವರ ಮನೆ ಮುಂದಿನ ಹಳೇ ಓಮ್ನಿಯನ್ನು ಗುಜರಿ ಎಂದು ಹೀಗಳೆಯಬೇಡಿ. ಆ ಮಾಡೆಲ್ಲಿನ ತಯಾರಿಕೆ 2019ರಲ್ಲೇ ನಿಂತಿದೆ, ಆದರೂ ಆ ಮನೆಗೆ ಆಂಬುಲೆನ್ಸ್ ಎಂದರೆ ಅದೇ. ಇನ್ನೊಂದು ಗಾಡಿಯನ್ನು ನಮ್ಮ ಮೆಕ್ಯಾನಿಕ್‌ಗಳು ಕಣ್ಣೆತ್ತಿಯೂ ನೋಡುವುದಿಲ್ಲ, ಅದು ನನಗೆ ತುಂಬ ನೋವಿನ ವಿಷಯ. ಅಂಗವಿಕಲರಿಗೆ ಸರ್ಕಾರ ಕೊಡುವ, ಪಕ್ಕದಲ್ಲಿ ಎರಡು ಚಕ್ರ ಜೋಡಿಸಿದ ಸ್ಕೂಟರ್. ಅದರ ಎಂಜಿನ್ ಎಲ್ಲ ಸ್ಕೂಟರಿನಂತೆಯೇ. ಕೆಡುವುದು ಪಕ್ಕದ ಚಕ್ರದ ಬೇರಿಂಗು, ಬಿರುಕು ಬಿಡುವುದು ಬ್ರ್ಯಾಕೆಟ್ಟಿನ ವೆಲ್ಡಿಂಗು. ಅರ್ಧ ದಿನದ ಕೆಲಸ. ಅಷ್ಟನ್ನು ಮಾಡಿಕೊಡುವವರಿಲ್ಲದೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಮನೆಯೊಳಗೇ ಕೂರುತ್ತಾನೆ.

ಸಹಾಯ ಎಂದ ಕೂಡಲೇ ಬಿಟ್ಟಿ ರಿಪೇರಿ ಎಂದುಕೊಳ್ಳಬೇಡಿ. ಬಡವರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಸರಿಯಾಗಿ ಪತ್ತೆ ಹಚ್ಚುವುದು. ಅವರ ದುಡ್ಡು ಹಾಳಾಗುವುದು ಕೆಟ್ಟ ಪಾರ್ಟಿನಿಂದಲ್ಲ, ಕೆಡದೇ ಇದ್ದ ಪಾರ್ಟನ್ನು ಬದಲಾಯಿಸಿದ್ದರಿಂದ. ಸೆಲ್ಫ್ ಹೊಡೆಯುತ್ತಿಲ್ಲ ಎಂದರೆ ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರ್, ಎರಡನ್ನೂ ಹೊಸದು ಹಾಕಿಸುತ್ತಾರೆ. ಕೊನೆಗೆ ನೋಡಿದರೆ ತುಕ್ಕು ಹಿಡಿದಿದ್ದು ಅರ್ತ್ ವೈರು. ನಿಮ್ಮ ಹತ್ತಿರ ಮಲ್ಟಿಮೀಟರ್ ಇದೆಯಲ್ಲ, ಬಳಸಿ. ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರೊಳಗೆ ಇರಬೇಕು. ಇನ್ನು ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ತಪ್ಪು ಅರ್ತಿಂಗಿನದು. ಒಂದು ಉಪ್ಪುಕಾಗದ, ಒಂದು ಬೋಲ್ಟು, ಹತ್ತು ನಿಮಿಷ. ಹೊಸ ಬ್ಯಾಟರಿಯ ದುಡ್ಡು ಆ ಮನೆಯಲ್ಲೇ ಉಳಿಯಿತು.

ಹೀಟಾಗುವ ಗಾಡಿಯ ವಿಷಯದಲ್ಲೂ ಇದೇ ತಾಳ್ಮೆ ಇರಲಿ. ಹೆಡ್ ಬಿಚ್ಚುವ ಮೊದಲು ರೇಡಿಯೇಟರ್ ಕ್ಯಾಪ್ ನೋಡಿ. ಕ್ಯಾಪ್ ಒತ್ತಡ ಹಿಡಿದಿಟ್ಟರೆ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದರ ಸ್ಪ್ರಿಂಗ್ ಸತ್ತಿದ್ದರೆ ಬೇಗ ಕುದಿದು ಚೆಲ್ಲುತ್ತದೆ. ಆಮೇಲೆ ಫ್ಯಾನು, ಥರ್ಮೋಸ್ಟಾಟ್, ವಾಟರ್ ಪಂಪು, ಜೇಡಿ ಕಟ್ಟಿದ ರೇಡಿಯೇಟರ್ ಕೋರು. ಇಷ್ಟನ್ನೂ ನೋಡಿಯೇ ಗ್ಯಾಸ್ಕೆಟ್ಟಿನ ಮಾತೆತ್ತಬೇಕು. ಆಮೇಲೆ ಗಾಡಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸೂಜಿ ಮೇಲೆ ಹೋದ ಕೂಡಲೇ ಗಾಡಿ ನಿಲ್ಲಿಸಬೇಕು, ಬಿಸಿ ಇರುವಾಗ ಕ್ಯಾಪ್ ತೆಗೆಯಬಾರದು, ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು ಎಂದು ಹೇಳಿಕೊಡಿ. ಇಷ್ಟು ಗೊತ್ತಿಲ್ಲದ್ದಕ್ಕೇ ಎಷ್ಟೋ ಎಂಜಿನ್ನುಗಳ ಹೆಡ್ ಬೆಂಡ್ ಆಗಿದೆ.

ಸಾಮಾನಿನ ವಿಷಯದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಬಾಗಿಲು, ಗಾಜು, ಕನ್ನಡಿ, ಬಂಪರ್, ಚೆನ್ನಾಗಿ ಪರೀಕ್ಷಿಸಿದ ಆಲ್ಟರ್ನೇಟರ್, ಇವನ್ನು ಗುಜರಿಯಿಂದ ತಂದು ಹಾಕಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ. ಬ್ರೇಕ್ ಹೋಸ್, ವೀಲ್ ಸಿಲಿಂಡರ್ ಕಿಟ್, ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟ್ ಮಾತ್ರ ಹಳೆಯದು ಬೇಡ, ಯಾರು ಎಷ್ಟೇ ಕೇಳಿಕೊಂಡರೂ ಬೇಡ. ಟೈರ್ ಹಳೆಯದನ್ನೇ ತಂದರೆ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಕಾರಿನ ಟೈರಿನ ತೋಡು ಸವೆದು ಅದರ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಆ ಟೈರನ್ನು ರಸ್ತೆಗೆ ಬಿಡುವಂತಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಯಾವತ್ತೋ ತೆರೆದಿಟ್ಟ ಡಬ್ಬಿಯಲ್ಲಿ ಉಳಿದಿದ್ದನ್ನು ಬಡವರ ಗಾಡಿಗೆ ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ಅದು ದಾನವಲ್ಲ, ಅಪರಾಧ.

ಈ ಕಿವಿಮಾತಿನ ತಿರುಳು ಇದೇ. ಲೇಬರ್ ಬಿಟ್ಟುಬಿಡಿ, ಸಾಮಾನನ್ನು ಅಂಗಡಿಯ ಬೆಲೆಗೇ ಹಾಕಿ, ಕಂತಿನಲ್ಲಿ ಕೊಡಲಿ ಎನ್ನಿ. ಆದರೆ ದುಡ್ಡು ಕಡಿಮೆ ಎಂದು ಟಾರ್ಕ್ ಕಡಿಮೆ ಮಾಡಬೇಡಿ, ಬ್ಲೀಡಿಂಗ್ ಅರ್ಧಕ್ಕೆ ಬಿಡಬೇಡಿ, ಟ್ರಯಲ್ ನೋಡದೆ ಕೀ ಕೊಡಬೇಡಿ. ಪೂರ್ತಿ ದುಡ್ಡು ಕೊಡುವ ಗಿರಾಕಿ ಕೆಲಸ ಕೆಟ್ಟರೆ ವಾಪಸ್ ಬಂದು ಜಗಳ ಆಡುತ್ತಾನೆ. ಬಿಟ್ಟಿ ಮಾಡಿಸಿಕೊಂಡವರು ಮುಲಾಜಿಗೆ ಬಾಯಿ ಬಿಡುವುದಿಲ್ಲ, ಸಡಿಲ ಬ್ರೇಕಿನಲ್ಲೇ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ. ಆದ್ದರಿಂದ ಅವರ ಗಾಡಿಯನ್ನು ಇನ್ನೊಂದು ಸಲ ಹೆಚ್ಚು ನೋಡಬೇಕು.

ಕಷ್ಟದ ಮಾತೂ ಒಂದಿದೆ. ಕೆಲವು ಗಾಡಿಗಳನ್ನು ರಿಪೇರಿ ಮಾಡಲೇಬಾರದು. ಚಾಸಿಯ ಮೆಂಬರ್ ತಿಂದುಹೋಗಿ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗಿಳಿಯುತ್ತದೆ, ಎಂಜಿನ್ ಬೋರಿಗೆ ಬಂದಿದೆ, ಖರ್ಚು ಗಾಡಿಯ ಬೆಲೆಯನ್ನೇ ದಾಟುತ್ತದೆ. ಆಗ ಕೈಮುಗಿದು ನಿಂತ ತಾಯಿಯ ಮುಖ ನೋಡಿ ‘ಏನೋ ಒಂದು ಮಾಡಿಕೊಡ್ತೀನಿ ಅಮ್ಮಾ’ ಎಂದುಬಿಡುವುದು ಸುಲಭ. ಅದು ಕರುಣೆಯಂತೆ ಕಾಣುತ್ತದೆ, ಆದರೆ ಅವರನ್ನು ಇನ್ನಷ್ಟು ಸಾಲಕ್ಕೆ ತಳ್ಳುತ್ತದೆ. ಅವರ ಜೊತೆ ಕೂತು ಲೆಕ್ಕ ಬರೆದು ತೋರಿಸಿ. ಇಷ್ಟು ಖರ್ಚಾಗುತ್ತದೆ, ಇಷ್ಟು ದಿನ ಓಡುತ್ತದೆ, ಗುಜರಿಗೆ ಹಾಕಿದರೆ ಇಷ್ಟು ಬರುತ್ತದೆ. ಆಮೇಲೆ ಇನ್ನೊಂದು ಗಾಡಿ ನೋಡಲು ನೀವೇ ಜೊತೆಗೆ ಹೋಗಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ದಿನ ಒಬ್ಬ ಪ್ರಾಮಾಣಿಕ ಮೆಕ್ಯಾನಿಕ್ ಒಂದು ಗಂಟೆ ಪಕ್ಕದಲ್ಲಿದ್ದರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ ಎಂಬುದು ನನ್ನ ಅನುಭವ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ, ಕಾರ್ಪೆಟ್ ಎತ್ತಿ ನೀರಿನಲ್ಲಿ ಮುಳುಗಿದ ಗುರುತು ಹುಡುಕಿ. ಆರ್‌ಸಿಯಲ್ಲಿ ಹಳೇ ಸಾಲದ ಹೈಪಾಥಿಕೇಶನ್ ತೆಗೆಸಿದ್ದಾರೆಯೇ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ವಿಚಾರಿಸಿ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಹದಿನೈದು ವರ್ಷವಾದ ಸ್ವಂತ ಕಾರಿನ ನೋಂದಣಿಯನ್ನು ನವೀಕರಿಸಬೇಕು. ಕೊಳ್ಳುವವರಿಗೆ ಈ ಖರ್ಚುಗಳನ್ನು ಮೊದಲೇ ತಿಳಿಸಿ.

ನಿಮ್ಮಿಂದ ಸಹಾಯ ಪಡೆದವರ ಮರ್ಯಾದೆ ಕಾಪಾಡಿ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಬಿಚ್ಚಿದ ಹಳೇ ಸಾಮಾನು, ಅಂಗಡಿ ಬಿಲ್ಲು ಎರಡನ್ನೂ ಅವರ ಕೈಗೇ ಕೊಡಿ. ಕೊಡಬೇಕೆಂದು ಅವರು ಏನಾದರೂ ತಂದರೆ, ಅದು ಒಂದು ಸೇರು ಅವರೆಕಾಯಿಯೇ ಆಗಲಿ, ಸಂತೋಷದಿಂದ ತೆಗೆದುಕೊಳ್ಳಿ.

ನಿಮ್ಮ ಹೊಟ್ಟೆಯನ್ನೂ ನೋಡಿಕೊಳ್ಳಿ. ನಿಮ್ಮಲ್ಲಿ ಹೆಚ್ಚಿನವರು ಕಷ್ಟದ ಮನೆಗಳಿಂದಲೇ ಬಂದಿದ್ದೀರಿ. ತಿಂಗಳಿಗೆ ಒಂದು ಗಾಡಿ ಸಾಕು. ಬೇರೆಯವರ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದರೆ ಯಜಮಾನರನ್ನು ಕೇಳಿಯೇ ಟೂಲ್ ಮುಟ್ಟಿ, ಅಲ್ಲಿಯ ಸಾಮಾನು ಒಂದು ವಾಷರ್ ಕೂಡ ಹೊರಗೆ ಹೋಗಬಾರದು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ನುಸುಳಬೇಡಿ. ಸ್ಟ್ಯಾಂಡ್ ಇಲ್ಲದ ಮನೆಯಂಗಳದಲ್ಲಂತೂ ಖಂಡಿತ ಬೇಡ. ಹಳೇ ಆಯಿಲ್ಲನ್ನು ಚರಂಡಿಗೆ ಬಿಡದೆ ಡಬ್ಬಿಯಲ್ಲಿ ತುಂಬಿಸಿ ಗ್ಯಾರೇಜಿಗೆ ವಾಪಸ್ ತನ್ನಿ.

ಎಲ್ಲಿಂದ ಶುರುಮಾಡುವುದು ಎಂದು ಕೇಳುತ್ತೀರಿ. ನವರಾತ್ರಿ ಬಂದರೆ ಊರಿನ ಗಾಡಿಗಳೆಲ್ಲ ತೊಳೆದು ಬಾಳೆಕಂದು ಕಟ್ಟಿಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು, ಚಕ್ರದ ಕೆಳಗಿನ ನಿಂಬೆಹಣ್ಣು ದಾಟಿ ಹೊರಡುತ್ತವೆ. ಆ ಚಕ್ರದೊಳಗಿನ ಲೈನರ್ ಎಷ್ಟು ಉಳಿದಿದೆ ಎಂದು ಮಾತ್ರ ಯಾರೂ ನೋಡಿರುವುದಿಲ್ಲ. ಈ ವರ್ಷ ಆಯುಧಪೂಜೆಯ ಹಿಂದಿನ ಭಾನುವಾರ ನೀವು ಮೂರು ನಾಲ್ಕು ಗೆಳೆಯರು ಸೇರಿ, ನಿಮ್ಮ ಐಟಿಐ ಮೇಷ್ಟ್ರನ್ನು ಒಪ್ಪಿಸಿ ಜೊತೆಗೆ ಕರೆದುಕೊಂಡು, ಊರಿನ ಆಟೋ ಸ್ಟ್ಯಾಂಡಿಗೆ ಹೋಗಿ. ಆಟೋ, ಟಾಟಾ ಏಸ್, ಅಂಗವಿಕಲರ ಸ್ಕೂಟರ್, ಯಾವುದೇ ಬರಲಿ, ಬ್ರೇಕು, ಟೈರು, ಲೈಟು ಈ ಮೂರನ್ನು ಪುಕ್ಕಟೆ ನೋಡಿ ಕೊಡಿ. ಯಾರ ಮನೆಯ ಗಾಡಿಗೆ ನಿಮ್ಮ ಕೈ ಬೇಕಿದೆ ಎಂಬುದು ಆ ದಿನ ಸಂಜೆಯೊಳಗೆ ನಿಮಗೇ ಗೊತ್ತಾಗುತ್ತದೆ.