ಕಿರಿದಾದ ಕಣಿವೆ, ಹಿರಿದಾದ ಜಲರಾಶಿ

ಹೊಳಲ್ಕೆರೆಯಲ್ಲಿ ನನ್ನ ಶಿಷ್ಯನೊಬ್ಬನು ಒಮ್ಮೆ ಕೇಳಿದನು: “ಗುರುಗಳೇ, ಗಣಿ ಎಂಜಿನಿಯರಿಂಗಿನಂತಹ ಒಂದೇ ವಿಶೇಷ ಶಾಖೆಯನ್ನು ಓದಿದರೆ ಬದುಕಿನ ದಾರಿ ತೆರೆಯುವುದೋ, ಮುಚ್ಚುವುದೋ?” ಮಗನ ಓದಿಗಾಗಿ ಹೊಲವನ್ನು ಅಡವಿಡಲು ಸಿದ್ಧರಾಗಿದ್ದ ತಂದೆ ಪಕ್ಕದಲ್ಲಿಯೇ ನಿಂತಿದ್ದರು. ಹಗುರವಾಗಿ ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ.

ವಿಶೇಷ ವಿದ್ಯೆಗೆ ತನ್ನದೇ ಆದ ಬೆಲೆಯುಂಟು. ಕೋಲಾರದ ಚಿನ್ನದ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಅಷ್ಟು ಕೆಳಗೆ ಬಂಡೆಯ ಒತ್ತಡವೆಷ್ಟು, ಕೆಲಸಗಾರರಿಗೆ ಗಾಳಿಯನ್ನು ಒದಗಿಸುವುದೆಂತು ಎಂಬುದನ್ನು ಬಲ್ಲವನೇ ಅವರ ಪ್ರಾಣವನ್ನು ಕಾಯಬಲ್ಲನು. ಆದರೆ ಆ ಗಣಿ 2001ರಲ್ಲಿ ಮುಚ್ಚಿತು. ಚಿತ್ರದುರ್ಗದ ಸಮೀಪದ ಇಂಗಳದಾಳಿನ ತಾಮ್ರದ ಗಣಿಯೂ ನಿಂತುಹೋಯಿತು. ಒಂದೇ ಉದ್ಯಮವನ್ನು ನೆಚ್ಚಿದ ಪದವಿಗೆ ಇಂತಹ ಅಪಾಯ ತಪ್ಪಿದ್ದಲ್ಲ.

ಹಾಗಾದರೆ ಆ ವಿದ್ಯೆ ವ್ಯರ್ಥವಾಯಿತೇ? ಇಲ್ಲ. 1988ರಲ್ಲಿ ಆ ಗಣಿಯ ಊರಿನಲ್ಲಿಯೇ ಆರಂಭವಾದ ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆಯು ಗಣಿಗಳಿಗೆ ಮಾತ್ರವಲ್ಲದೆ ಸುರಂಗಗಳಿಗೂ ಜಲವಿದ್ಯುತ್ ಯೋಜನೆಗಳಿಗೂ ನೆರವು ನೀಡುತ್ತ ಬಂದಿದೆ. ಬಂಡೆಯ ಸ್ವಭಾವವನ್ನು ಮೂಲದಿಂದ ಅರಿತವನು ಗಣಿಯಿಂದ ಸುರಂಗಕ್ಕೆ ಸಾಗಬಲ್ಲನು. ಗಣಿತ, ಭೌತಶಾಸ್ತ್ರಗಳ ತಳಹದಿಯಿಲ್ಲದೆ ಯಂತ್ರದ ಬಳಕೆಯನ್ನಷ್ಟೇ ಕಲಿತವನು ಆ ಯಂತ್ರದೊಡನೆಯೇ ನಿಂತುಬಿಡುತ್ತಾನೆ.

ಇದನ್ನು ಮನಗಾಣಿಸಲು ನಾನು ಶಿಷ್ಯನನ್ನು ಹಿರಿಯೂರಿನ ಬಳಿಯ ಮಾರಿಕಣಿವೆಗೆ ಕರೆದೊಯ್ದೆನು. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ, ಹೊಸದುರ್ಗದ ಸೀಮೆಯನ್ನು ಹಾದು ಬರುವ ವೇದಾವತಿಗೆ ಅಲ್ಲಿ 1898ರಿಂದ 1907ರವರೆಗೆ ಅಣೆಕಟ್ಟನ್ನು ಕಟ್ಟಿದರು. ಅದೇ ವಾಣಿವಿಲಾಸ ಸಾಗರ. ಎರಡು ಬೆಟ್ಟಗಳ ನಡುವಣ ಕಣಿವೆ ಕಿರಿದಾಗಿದ್ದುದರಿಂದ ಕಟ್ಟೆ ಕಟ್ಟುವುದು ಸುಲಭವಾಯಿತು. ಆದರೆ ಕಟ್ಟೆಯೊಂದೇ ನೀರನ್ನು ತರಲಾರದು. ಹಿಂದಣ ವಿಶಾಲ ಪ್ರದೇಶದಿಂದ ನೀರು ಹರಿದುಬರಬೇಕು. ಆ ಹರಿವು ಸಾಲದೆ, 1933ರಲ್ಲಿ ತುಂಬಿದ್ದ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು.

“ನೋಡು, ವಿಶೇಷ ಪದವಿ ಈ ಕಣಿವೆಯಂತೆ, ಮೂಲವಿದ್ಯೆ ಅದರ ಹಿಂದಣ ಹರಿವಿನಂತೆ. ಕಣಿವೆಯಿಲ್ಲದ ನೀರು ಹರಡಿಹೋಗುತ್ತದೆ, ನೀರಿಲ್ಲದ ಕಣಿವೆ ಬರಿದಾಗಿರುತ್ತದೆ” ಎಂದೆನು.

ಅವನು ಗಣಿ ಎಂಜಿನಿಯರಿಂಗನ್ನೇ ಓದಿದನು. ಗಣಿತವನ್ನು ಮಾತ್ರ ಎಂದೂ ಕಡೆಗಣಿಸಲಿಲ್ಲ. ಗಣಿಯಲ್ಲಿ ಕೆಲಸ ದೊರೆಯದಿದ್ದಾಗ ಸುರಂಗದ ಕಾಮಗಾರಿಗೆ ಸೇರಿದನು. ತಂದೆಯ ಹೊಲ ಇಂದು ಋಣಮುಕ್ತವಾಗಿದೆ.

ವಿದ್ಯಾರ್ಥಿಗಳೇ, ಯಾವ ಶಾಖೆಯನ್ನು ಆರಿಸಬೇಕೆಂದು ನಿರ್ಧರಿಸಲು ನಿಮಗೆ ಇನ್ನೂ ಕಾಲವಿದೆ. ತಳಹದಿಯನ್ನು ಭದ್ರಪಡಿಸಿಕೊಳ್ಳುವ ಕಾಲ ಮಾತ್ರ ಇದೇ.