ನಾ ಹೇಳೂತನಕ ಹೊಡ್ಯಾಂಗಿಲ್ಲ

ನಮ್ಮ ದ್ರಾಕ್ಷಿ ಪಡ ತಿಕೋಟಾದ ಹತ್ತಿರ. ನನ್ನ ನೌಕರಿ ವಿಜಯಪುರದಲ್ಲಿ, ಅಕ್ಕನ ಮನೆ ಬಬಲೇಶ್ವರದಲ್ಲಿ. ಈ ಮೂರು ಊರುಗಳ ನಡುವಿನ ಬಸ್ಸಿನಲ್ಲೇ ನಾನು ಮೊಬೈಲಿನಲ್ಲಿ ಹಳೆಯ ರೋಲ್ ಪ್ಲೇಯಿಂಗ್ ಗೇಮ್ ಆಡುವುದನ್ನು ಕಲಿತೆ. ಕಲಿತೆ ಅನ್ನುವುದಕ್ಕಿಂತ, ಸೋತು ಸೋತು ಬೆರಳಿಗೆ ಬುದ್ಧಿ ಬಂತು ಅನ್ನಬೇಕು.

ಚಿಕ್ಕಂದಿನಲ್ಲಿ ಟಿವಿಗೆ ಹಚ್ಚುವ ವಿಡಿಯೋ ಗೇಮ್ ಇತ್ತು. ಕ್ಯಾಸೆಟ್ ತೆಗೆದು, ಊದಿ, ಮತ್ತೆ ತುರುಕಿದರೆ ಕಾಂಟ್ರಾ, ಮಾರಿಯೋ. ಯಾವ ಗುಂಡಿ ಎಲ್ಲಿದೆಯೆಂದು ಯಾರೂ ನೋಡುತ್ತಿರಲಿಲ್ಲ, ಹೆಬ್ಬೆರಳಿಗೇ ಗೊತ್ತಿರುತ್ತಿತ್ತು. ಮೊಬೈಲಿನ ಗಾಜಿಗೆ ಆ ಉಬ್ಬು ತಗ್ಗು ಎಲ್ಲಿಂದ ಬರಬೇಕು? ಪರದೆಯ ಮೇಲೆ ಬರೆದ ಗುಂಡಿಯನ್ನು ಕಣ್ಣು ಹುಡುಕಬೇಕು, ಕಣ್ಣು ಅತ್ತ ಹೋದರೆ ಶತ್ರು ಇತ್ತ ಬರುತ್ತಾನೆ. ಸಾಲದ್ದಕ್ಕೆ ನಮ್ಮದೇ ಹೆಬ್ಬೆರಳು ಅರ್ಧ ಪರದೆ ಮುಚ್ಚಿ ಕೂತಿರುತ್ತದೆ. ಮೊದಲು ಕೊಂಡದ್ದು ಓಡಿ ಓಡಿ ಹೊಡೆಯುವ ಆಟ. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ನನ್ನ ವೀರ ಗೋಡೆಗೆ ಕತ್ತಿ ಬೀಸುತ್ತಿದ್ದ. ಮೂರು ದಿನಕ್ಕೆ ಅಳಿಸಿ ಹಾಕಿದೆ.

ಆಮೇಲೆ ಸಿಕ್ಕಿದ್ದು ‘ಡ್ರ್ಯಾಗನ್ ಕ್ವೆಸ್ಟ್ 5’. ಜಪಾನಿನ ಯೂಜಿ ಹೋರಿಯಿ ಈ ಸರಣಿಯನ್ನು ಶುರು ಮಾಡಿದ್ದು 1986ರಲ್ಲಿ. ಐದನೆಯದು ಬಂದದ್ದು 1992ರಲ್ಲಿ, ಟಿವಿಯ ಆಟವಾಗಿ. ಮೊಬೈಲಿಗೆ ತರುವಾಗ ಅದನ್ನು ಉದ್ದಕ್ಕೆ ಹಿಡಿದು ಆಡುವಂತೆ ಮಾಡಿದ್ದಾರೆ, ನಡೆಯುವ ಗುಂಡಿಯನ್ನು ಎಡಕ್ಕೋ ಬಲಕ್ಕೋ ಸರಿಸಿಕೊಳ್ಳಬಹುದು. ಇದು ಎಂಥ ಉಪಕಾರ ಎಂದು ತಿಳಿಯಬೇಕಾದರೆ ಸಂಜೆ ಐದೂವರೆಯ ಬಬಲೇಶ್ವರ ಬಸ್ಸು ಹತ್ತಬೇಕು. ಒಂದು ಕೈ ಮೇಲಿನ ಸರಳಿಗೆ, ಒಂದು ಕೈ ರಾಕ್ಷಸರಿಗೆ.

ಗುಂಡಿಗಿಂತ ದೊಡ್ಡ ವಿಷಯ ಬೇರೆಯೇ ಇದೆ. ಈ ಆಟದಲ್ಲಿ ಸರದಿಯ ಮೇಲೆ ಕಾಳಗ. ಹೊಡೆ, ಮಂತ್ರ ಹಾಕು, ಓಡು ಎಂದು ನಾವು ಆರಿಸುವವರೆಗೆ ಎದುರಿನವರು ಮಿಸುಕುವುದಿಲ್ಲ. ಕಂಡಕ್ಟರ್ ಚಿಲ್ಲರೆ ಕೇಳಲಿ, ಅಕ್ಕನ ಫೋನ್ ಬರಲಿ, ಯುದ್ಧ ನಿಂತಲ್ಲೇ ನಿಂತಿರುತ್ತದೆ. ಮುಂದೆ 1995ರ ‘ಕ್ರೋನೋ ಟ್ರಿಗರ್’ ಆಡಿದಾಗ ಮೊದಲು ಹುಡುಕಿದ್ದೇ ‘ವೇಟ್’ ಅನ್ನುವ ಆಯ್ಕೆಯನ್ನು. ಅದನ್ನು ಹಾಕಿದರೆ ಮಂತ್ರದ ಪಟ್ಟಿ ನೋಡುವಾಗ ಹೊತ್ತು ನಿಲ್ಲುತ್ತದೆ. ಬಸ್ಸಿನವರಿಗೆ ಅದೇ ಸರಿ.

ಒಂದು ಪಾಠಕ್ಕೆ ಮಾತ್ರ ಬೆಲೆ ತೆತ್ತೆ. ಹಳೆಯ ಆಟಗಳಲ್ಲಿ ಎಲ್ಲೆಂದರಲ್ಲಿ ಸೇವ್ ಆಗುವುದಿಲ್ಲ, ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಪಕ್ಕಾ ಸೇವ್ ಆಗಬೇಕಾದರೆ ಊರಿನ ಚರ್ಚಿಗೆ ಹೋಗಬೇಕು. ಒಮ್ಮೆ ಗಾಂಧಿ ಚೌಕದಲ್ಲಿ ಚಹಾ ಕುಡಿದು, ಫೋನಿನಿಂದಲೇ ದುಡ್ಡು ಕೊಟ್ಟು ವಾಪಸ್ ಬಂದು ನೋಡಿದರೆ ಆಟ ಮೊದಲಿನಿಂದ ತೆರೆದುಕೊಳ್ಳುತ್ತಿದೆ. ಹಿಂದಿದ್ದ ಆಟವನ್ನು ನನ್ನ ಬಡ ಫೋನು ಮೆಲ್ಲಗೆ ಕೊಂದಿತ್ತು. ಎರಡು ತಾಸಿನ ಗಳಿಕೆ ಹೋಯಿತು. ಅಂದಿನಿಂದ ಚರ್ಚ್ ಕಂಡಲ್ಲೆಲ್ಲ ಒಳಗೆ ಹೋಗುತ್ತೇನೆ. ನಮ್ಮ ಗುಡಿಗೂ ಇಷ್ಟು ಹೋಗಿಲ್ಲ.

ಇನ್ನೊಂದು ಪಾಠ ಕಲಿಸಿದ್ದು ಒಣದ್ರಾಕ್ಷಿಯ ಶೆಡ್ಡು. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೋನೇಟು, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಜಾಳಿಗೆಯ ಮೇಲೆ ಹರಡುತ್ತೇವೆ. ಸಿಪ್ಪೆಯ ಮೇಣ ಬಿಟ್ಟು ನೀರು ಬೇಗ ಆರಲಿ ಎಂದು. ಹದಿನೈದು ದಿನ ಕಾವಲು. ಅದ್ದಿದ ಹಸಿ ಕೈಯಲ್ಲಿ ಮೊಬೈಲು ಮುಟ್ಟಿದರೆ ಒಮ್ಮೆ ಬೆರಳೇ ಗೊತ್ತಾಗುವುದಿಲ್ಲ, ಒಮ್ಮೆ ಮುಟ್ಟದೆಯೇ ಓಡುತ್ತದೆ. ಬೆರಳು ಮುಟ್ಟಿದಾಗ ತನ್ನ ವಿದ್ಯುತ್ತಿನಲ್ಲಾಗುವ ಬದಲಾವಣೆಯಿಂದ ಪರದೆ ಕೆಲಸ ಮಾಡುತ್ತದೆ, ನಡುವೆ ಹಸಿ ಬಂದರೆ ಅದಕ್ಕೆ ಗೊಂದಲ. ಈಗ ಸಾಬೂನು ಹಚ್ಚಿ ಕೈ ತೊಳೆದು, ಟವೆಲ್ಲಿನಿಂದ ಒರೆಸಿಕೊಂಡೇ ಆಡಲು ಕೂರುತ್ತೇನೆ.

ಕಳೆದ ಸಲ ಕಾವಲಿಗೆ ಅಪ್ಪನೂ ಇದ್ದ. ಆಟದಲ್ಲಿ ತಂದೆ, ಮಗ ಊರೂರು ಅಲೆಯುತ್ತಾರೆ. ತಂದೆ ಸಾಯುತ್ತಾನೆ, ಮಗ ಹತ್ತು ವರ್ಷ ಜೀತ ಮಾಡುತ್ತಾನೆ, ಕಡೆಗೆ ಎಲ್ಲರೂ ಹುಡುಕುತ್ತಿದ್ದ ವೀರ ಅವನೂ ಅಲ್ಲ, ಅವನ ಮಗ. (ಕಥೆ ಬಿಟ್ಟುಕೊಟ್ಟೆ, 1992ರದು ಎಂದು ಕ್ಷಮಿಸಿ.) ಪರದೆಯ ಮೇಲೆ ಮೂವರು ರಾಕ್ಷಸರು ಎದುರಾಗಿದ್ದಾಗ ಅಪ್ಪ ಹೆಗಲ ಮೇಲಿಂದ ಬಾಗಿ ನೋಡಿದ.

“ಯಾಕೋ, ಇವ್ರು ಸುಮ್ಮ ನಿಂತಾರಲ್ಲ?”

“ನಾ ಹೇಳೂತನಕ ಹೊಡ್ಯಾಂಗಿಲ್ಲಪ್ಪ ಅವ್ರು.”

“ಭಾಳ ಶಾಣ್ಯಾ ಮಂದಿ ಅದಾರ ಬಿಡು.”

ಅಷ್ಟರಲ್ಲಿ ಅಥಣಿ ಕಡೆ ಮಿಂಚಿತು. ಫೋನು ಹಾಸಿಗೆಯ ಮೇಲೆ ಒಗೆದು ತಾಡಪತ್ರಿ ಎಳೆಯಲು ಓಡಿದೆವು. ನಾಲ್ಕು ಹನಿ ಉದುರಿಸಿ ಮೋಡ ಹೋಯಿತು. ಮುಕ್ಕಾಲು ತಾಸು ಬಿಟ್ಟು ಬಂದು ಕೈ ಒರೆಸಿಕೊಂಡು ಪರದೆ ಬೆಳಗಿಸಿದೆ. ಮೂವರೂ ಅಲ್ಲೇ ನಿಂತಿದ್ದರು.

“ಇನ್ನೂ ಅದಾರೇನು?” ಎಂದ ಅಪ್ಪ, ಹಾಸಿಗೆ ಕೊಡವುತ್ತ.